ಕೊರಳಿಗೆ ಕಟ್ಟಿದ ಬೇಲಿ

ಹುಲ್ಲುಹಾಸಿನ ಅಂಚಿನುದ್ದಕ್ಕೂ ಗೇಣೆರಡು ಎತ್ತರದ ಬಿಳಿ ಬಾವುಟಗಳು, ಎಂಟು-ಹತ್ತು ಅಡಿಗೊಂದರಂತೆ. ನಾಯಿಗೆ ಉದ್ದನೆಯ ಹಗ್ಗ ಕಟ್ಟಿಕೊಂಡು ಮನೆಯೊಡೆಯ ಅದರ ಹಿಂದೆ ನಡೆಯುತ್ತಿದ್ದಾನೆ. ನಾಯಿ ಬಾವುಟದ ಕಡೆ ಮೂಗು ಚಾಚಿದ್ದೇ ತಡ, ಕೊರಳಪಟ್ಟಿಯಿಂದ ‘ಪೀಂ’ ಎಂದು ಸಣ್ಣ ಸದ್ದು. ಆತ ಹಗ್ಗ ಜಗ್ಗಿ ನಾಯಿಯನ್ನು ಈಚೆ ಕರೆದು, ಜೇಬಿನಿಂದ ಒಂದು ಚೂರು ತಿಂಡಿ ತೆಗೆದು ಬಾಯಿಗಿಟ್ಟು ತಲೆ ನೇವರಿಸುತ್ತಾನೆ. ಮತ್ತೆ ಹತ್ತು ಹೆಜ್ಜೆ, ಇನ್ನೊಂದು ಬಾವುಟ, ಇನ್ನೊಂದು ‘ಪೀಂ’. ಮೊದಲ ಕೆಲವು ದಿನ ಬರೀ ಸದ್ದು. ಆಮೇಲೆ ಸದ್ದಿನ ಬೆನ್ನಿಗೇ ಕತ್ತಿನ ಚರ್ಮಕ್ಕೆ ಚುರುಕ್ಕೆನ್ನುವ ವಿದ್ಯುತ್ ಹೊಡೆತ. ದಿನಕ್ಕೆ ಎರಡು-ಮೂರು ಬಾರಿ, ಹತ್ತು-ಹದಿನೈದು ನಿಮಿಷದಂತೆ, ಸುಮಾರು ಎರಡು ವಾರ ಇದೇ ಪಾಠ. ಕೊನೆಗೆ ಒಂದು ಬಿಟ್ಟು ಒಂದರಂತೆ ಬಾವುಟ ಕೀಳುತ್ತಾರೆ. ಅಂಗಳ ಮೊದಲಿನಂತೆ ಬಟ್ಟಬಯಲು. ಬೇಲಿಯಿಲ್ಲ, ಗೋಡೆಯಿಲ್ಲ, ಗೇಟಿಲ್ಲ. ಆದರೂ ಅಳಿಲನ್ನು ಅಟ್ಟಿಕೊಂಡು ಓಡಿದ ನಾಯಿ, ಏನೂ ಇಲ್ಲದ ಜಾಗದಲ್ಲಿ ಗಕ್ಕನೆ ನಿಂತುಬಿಡುತ್ತದೆ.

ಅಮೆರಿಕದ ಉಪನಗರಗಳಲ್ಲಿ ಇದು ಹೊಸ ನೋಟವೇನಲ್ಲ, ಐವತ್ತು ವರ್ಷದ ಹಳೆಯ ಸಂಗತಿ. ‘ಇನ್‌ವಿಸಿಬಲ್ ಫೆನ್ಸ್’ ಎನ್ನುವುದು ಒಂದು ಕಂಪನಿಯ ವ್ಯಾಪಾರದ ಹೆಸರು. ಆದರೆ ನಮ್ಮಲ್ಲಿ ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ, ಯಾವ ಕಂಪನಿಯ ಸರಕಾದರೂ ಜನರ ಬಾಯಲ್ಲಿ ಅದೇ ಹೆಸರು. ಇದರ ಬಗ್ಗೆ ಎರಡು ಪ್ರಶ್ನೆಗಳು ಮೊದಲಿನಿಂದಲೂ ಇವೆ. ಇದು ನಾಯಿಯನ್ನು ನಿಜಕ್ಕೂ ಅಂಗಳದಲ್ಲಿ ಇರಿಸುತ್ತದೆಯೇ? ಇರಿಸಿದರೂ, ಹಾಗೆ ಇರಿಸುವುದು ನ್ಯಾಯವೇ? ವಾದಕ್ಕಿಳಿದವರು ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ನಾಯಿ ನಿಲ್ಲುತ್ತದಲ್ಲ, ಹಾಗಾದರೆ ಸರಿಯೇ ಎನ್ನುತ್ತಾರೆ ಮಾರುವವರು. ಹಿಂಸೆಯಿಂದ ಕಲಿಸಿದ್ದು ನಿಲ್ಲುವುದಿಲ್ಲ ಎನ್ನುತ್ತಾರೆ ವಿರೋಧಿಗಳು. ಎರಡು ಮಾತಿನಲ್ಲೂ ಅರ್ಧ ನಿಜವಿದೆ.

ಸೈಟು ಕೊಂಡ ಮರುವಾರವೇ ಕಾಂಪೌಂಡು ಎಬ್ಬಿಸುವ ನಮ್ಮವರಿಗೆ ಇಷ್ಟು ಹೇಳಿದರೆ ಏಳುವ ಪ್ರಶ್ನೆಯೇ ಬೇರೆ: ಒಂದು ಗೋಡೆ ಕಟ್ಟಿದರೆ ಮುಗಿಯಿತಲ್ಲ, ಇದಕ್ಕೇಕೆ ಇಷ್ಟು ಕಸರತ್ತು? ಈ ಸಾಧನ ಹುಟ್ಟಿದ ಕಾರಣವೂ ಆ ಪ್ರಶ್ನೆಯಲ್ಲೇ ಇದೆ. ಅಮೆರಿಕದ ಉಪನಗರ ಬೆಳೆದದ್ದೇ ಗೋಡೆಯ ಮೇಲಿನ ಮುನಿಸಿನಿಂದ. 1870ರಲ್ಲಿ ಫ್ರಾಂಕ್ ಸ್ಕಾಟ್ ಎಂಬಾತ ಉಪನಗರದ ಮನೆಯಂಗಳಗಳನ್ನು ಚೆಂದಗಾಣಿಸುವುದು ಹೇಗೆಂದು ದೊಡ್ಡದೊಂದು ಪುಸ್ತಕ ಬರೆದು, ತನ್ನ ತೋಟದ ಚೆಲುವನ್ನು ಬೇಲಿ ಹಾಕಿ ನೆರೆಯವರಿಂದ ಮರೆಮಾಡುವುದು ಕ್ರೈಸ್ತನಿಗೆ ತಕ್ಕ ನಡೆಯಲ್ಲ ಎಂದು ಉಪದೇಶಿಸಿದ. ಅದೇ ಹೊತ್ತಿಗೆ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಷಿಕಾಗೋ ಬಳಿಯ ರಿವರ್‌ಸೈಡ್ ಬಡಾವಣೆಗೆ ನಕ್ಷೆ ಹಾಕಿದಾಗ, ಪ್ರತಿ ಮನೆಯೂ ರಸ್ತೆಯಿಂದ 30 ಅಡಿ ಹಿಂದೆ ಸರಿದು ನಿಲ್ಲಬೇಕೆಂದು ಕರಾರು ಮಾಡಿದ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮರಳಿದ ಮೇಲೆ, 1947ರಿಂದ ನ್ಯೂಯಾರ್ಕ್ ಹೊರವಲಯದಲ್ಲಿ ಅಣಬೆಗಳಂತೆ ಎದ್ದ ಲೆವಿಟ್‌ಟೌನ್‌ನ ಸಾವಿರಾರು ಮನೆಗಳ ಕರಾರುಪತ್ರದಲ್ಲೂ ಬೇಲಿಗೆ ನಿಷೇಧವಿತ್ತು. ಒಬ್ಬರ ಹುಲ್ಲು ಮುಗಿದಲ್ಲಿ ಇನ್ನೊಬ್ಬರ ಹುಲ್ಲು. ನೋಡಲು ಒಂದೇ ಉದ್ಯಾನ.

ಇವತ್ತು ಆ ಕೆಲಸವನ್ನು ಬಡಾವಣೆಯ ನಿವಾಸಿ ಸಂಘಗಳು ಮಾಡುತ್ತವೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಮನೆ ಕೊಂಡ ಕನ್ನಡಿಗ ಕುಟುಂಬಕ್ಕೆ ಮನೆಯ ಪತ್ರಗಳ ಜೊತೆಗೇ ಈ ಸಂಘದ ದಪ್ಪ ನಿಯಮಪುಸ್ತಕವೂ ಕೈಸೇರುತ್ತದೆ. ಅಂಚೆಡಬ್ಬಿಯ ಬಣ್ಣದಿಂದ ಹಿಡಿದು ಹುಲ್ಲಿನ ಎತ್ತರದವರೆಗೆ ಅದರಲ್ಲಿ ಎಲ್ಲಕ್ಕೂ ಕಲಮುಗಳು. ಮನೆಮುಂದಿನ ಅಂಗಳಕ್ಕೆ ಬೇಲಿ ಹಾಕುವಂತಿಲ್ಲ ಎನ್ನುವುದು ಅವುಗಳಲ್ಲಿ ತೀರಾ ಸಾಮಾನ್ಯವಾದದ್ದು. ಕಾನೂನು ಅಡ್ಡ ಬರದ ಕಡೆ ಖರ್ಚು ಅಡ್ಡ ಬರುತ್ತದೆ. ಅಂಗಳದ ಸುತ್ತ ಮರದ ಬೇಲಿಗೆ ಸಾವಿರಗಟ್ಟಲೆ ಡಾಲರ್ ಬೇಕು. ತಾವೇ ಹೂಳಿಕೊಳ್ಳುವ ತಂತಿಯ ಕಿಟ್ಟು ಕೆಲವು ನೂರು ಡಾಲರಿಗೆ ಸಿಗುತ್ತದೆ. ನಾಯಿ ಮಾತ್ರ ಈ ಯಾವ ಕರಾರಿಗೂ ಸಹಿ ಹಾಕಿಲ್ಲ. ಅದರ ಮಟ್ಟಿಗೆ ಹುಲ್ಲು ಇರುವಷ್ಟೂ ಊರು ಅದರದೇ, ನಡುವೆ ಹಾಯುವ ರಸ್ತೆಯೂ ಸೇರಿ.

ಈ ಉದ್ಯಮ ಹೇಳಿಕೊಳ್ಳುವ ಹುಟ್ಟಿನ ಕಥೆಯೂ ರಸ್ತೆಯದೇ. ರಿಚರ್ಡ್ ಪೆಕ್ ಊರೂರು ಸುತ್ತುವ ಸೇಲ್ಸ್‌ಮನ್. ದಾರಿಯುದ್ದಕ್ಕೂ ಕಾರಿಗೆ ಸಿಕ್ಕಿ ಸತ್ತ ನಾಯಿಗಳನ್ನು ಕಂಡು ಕಂಡು, ಇದಕ್ಕೇನಾದರೂ ಮಾಡಬೇಕು ಅನ್ನಿಸಿತಂತೆ. 1973ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ವ್ಯವಹಾರ ಜಾನ್ ಪರ್ಟೆಲ್ ಎಂಬಾತನ ಕೈಗೆ ಹೋಗಿ, ಊರೂರಿಗೆ ಡೀಲರುಗಳು ಹುಟ್ಟಿಕೊಂಡರು. 1990ರಲ್ಲಿ ಪೇಟೆಂಟಿನ ಅವಧಿ ಮುಗಿದದ್ದೇ ತಡ, ಪೈಪೋಟಿಯ ಬಾಗಿಲು ತೆರೆಯಿತು. ಮರುವರ್ಷವೇ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ರ‍್ಯಾಂಡಿ ಬಾಯ್ಡ್ ಎಂಬ ಉದ್ಯಮಿ ರೇಡಿಯೊ ಸಿಸ್ಟಮ್ಸ್ ಎಂಬ ಕಂಪನಿ ತೆರೆದು, ‘ಪೆಟ್‌ಸೇಫ್’ ಹೆಸರಿನಲ್ಲಿ ಅಗ್ಗದ ಕಿಟ್ಟುಗಳನ್ನು ಅಂಗಡಿ ಅಂಗಡಿಗೆ ತಲುಪಿಸಿದ. 2006ರಲ್ಲಿ ಆ ಕಂಪನಿ ಮೂಲದ ಇನ್‌ವಿಸಿಬಲ್ ಫೆನ್ಸನ್ನೇ ಕೊಂಡುಕೊಂಡಿತು. ತಡವಾಗಿ ಕಣಕ್ಕಿಳಿದವನು ಹಿರಿಯನನ್ನೇ ಮನೆಗೆ ತಂದುಕೊಂಡ.

ಇದು ಕೆಲಸ ಮಾಡುವ ಬಗೆ ಅಂಥ ದೇವರಹಸ್ಯವೇನಲ್ಲ. ಗ್ಯಾರೇಜಿನ ಗೋಡೆಯ ಮೇಲೆ ಪುಸ್ತಕದಷ್ಟು ಗಾತ್ರದ ಒಂದು ಪೆಟ್ಟಿಗೆ. ಅದರಿಂದ ಹೊರಟ ತೆಳು ತಂತಿ ಅಂಗಳವನ್ನು ಒಂದು ಸುತ್ತು ಹಾಕಿ ಮತ್ತೆ ಅದಕ್ಕೇ ಬಂದು ಸೇರಬೇಕು. ಎಲ್ಲಿ ತುಂಡಾದರೂ ಆಟ ಮುಗಿಯಿತು. ತಂತಿಯಲ್ಲಿ ಹರಿಯುವುದು ಕೆಲವೇ ಸಾವಿರ ಹರ್ಟ್ಸ್‌ನ ಮಂದ ರೇಡಿಯೊ ಸಂಕೇತ. ಇಲ್ಲಿ ನಮ್ಮ ಓದುಗರಿಗೆ ಒಂದು ಗೊಂದಲ ಆಗಬಹುದು. ಕೊಡಗು, ಹಾಸನದ ತೋಟಗಳಲ್ಲಿ ಆನೆ ತಡೆಯಲು ಹಾಕುವ ಸೋಲಾರ್ ಬೇಲಿಯಲ್ಲಿ ತಂತಿಯೇ ಹೊಡೆಯುತ್ತದೆ. ಈ ತಂತಿಯನ್ನು ಬರಿಗೈಯಲ್ಲಿ ಹಿಡಿದುಕೊಂಡರೂ ಏನೂ ಆಗದು. ಇದು ಬರೀ ಸುದ್ದಿ ಹೇಳುತ್ತದೆ. ಹೊಡೆಯುವುದು ನಾಯಿಯ ಕೊರಳಲ್ಲೇ ಇರುವ ಡಬ್ಬಿ, ಅದರದೇ ಬ್ಯಾಟರಿಯಿಂದ.

ತಂತಿಯ ಸುತ್ತ ಕಣ್ಣಿಗೆ ಕಾಣದ ಒಂದು ಕೊಳವೆ ಇದೆಯೆಂದುಕೊಳ್ಳಿ. ಅದರ ಅಗಲವನ್ನು ಪೆಟ್ಟಿಗೆಯ ಗುಂಡಿ ತಿರುವಿ ಹೆಚ್ಚು ಕಡಿಮೆ ಮಾಡಬಹುದು. ಕೊಳವೆಯ ಹೊರ ಅಂಚಿಗೆ ನಾಯಿ ಬಂದರೆ ಸದ್ದು, ಒಳಹೊಕ್ಕರೆ ಹೊಡೆತ. ಇದರಲ್ಲಿ ಜಾಣತನದ ಅಂಶ ಇನ್ನೊಂದು. ಗ್ಯಾರೇಜಿನಿಂದ ಅಂಗಳದ ಅಂಚಿನವರೆಗೆ ಹೋಗುವ ಮತ್ತು ಬರುವ ತಂತಿಗಳನ್ನು ಜಡೆಯಂತೆ ಹೆಣೆದರೆ ಒಂದರ ಸಂಕೇತ ಇನ್ನೊಂದರದನ್ನು ಅಳಿಸಿಹಾಕುತ್ತದೆ. ಅಷ್ಟು ದಾರಿಯಲ್ಲಿ ನಾಯಿ ಆರಾಮಾಗಿ ಅಡ್ಡಾಡಬಹುದು. ಕಾಂಕ್ರೀಟಿನ ಡ್ರೈವ್‌ವೇ ಅಡ್ಡ ಬಂದರೆ ಗರಗಸದಲ್ಲಿ ಬೆರಳ ಗಾತ್ರದ ಗೀರು ಕೊರೆದು, ತಂತಿ ಇಳಿಸಿ, ಮೇಲೆ ಮೇಣದಂಥ ಅಂಟು ತುಂಬುತ್ತಾರೆ. ಟಿವಿ ಕೇಬಲ್ಲಿಗೋ ಕರೆಂಟು ತಂತಿಗೋ ಸಮಾನಾಂತರವಾಗಿ ಎಳೆದರೆ ಸಂಕೇತ ಅದರೊಳಕ್ಕೆ ಹಾರಿಕೊಂಡು ಮನೆಯೊಳಗೆ ಹೋಗಿಬಿಡುತ್ತದೆ. ಆಗ ಸೋಫಾದ ಪಕ್ಕ ಮಲಗಿದ ನಾಯಿಗೆ ಕಾರಣವೇ ತಿಳಿಯದೆ ಏಟು ಬೀಳುತ್ತದೆ. ಕೈಪಿಡಿಗಳು ಇದನ್ನು ಮತ್ತೆ ಮತ್ತೆ ಎಚ್ಚರಿಸುವುದು ಸುಮ್ಮನಲ್ಲ.

ಹೊಡೆತದ ಬಲ ಎಷ್ಟು? ಕಂಪನಿಗಳ ಕರಪತ್ರದಲ್ಲಿ ಅದಕ್ಕೆ ‘ಹೊಡೆತ’ ಎಂಬ ಪದವೇ ಇಲ್ಲ. ‘ಸ್ಟ್ಯಾಟಿಕ್ ಕರೆಕ್ಷನ್’ ಎನ್ನುತ್ತಾರೆ. ಚಳಿಗಾಲದಲ್ಲಿ ಕಂಬಳಿ ಮುಟ್ಟಿದಾಗ ಚಟ್ಟೆನ್ನುವುದಿಲ್ಲವೇ, ಅಷ್ಟೇ ಎಂದು ಸಮಾಧಾನ ಹೇಳುತ್ತಾರೆ. ತರಬೇತಿಗೆಂದು ಮಾರುವ ವಿದ್ಯುತ್ ಪಟ್ಟಿಗಳನ್ನು ಬ್ರಿಟನ್ನಿನ ಸಂಶೋಧಕರು ಅಳೆದು ನೋಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಅಷ್ಟು ಸರಳವಲ್ಲ. ಗರಿಷ್ಠ ಮಟ್ಟಕ್ಕಿಟ್ಟಾಗ ಒಂದು ಮಾದರಿ ಕೊಟ್ಟದ್ದು 3.3 ಮಿಲಿಜೂಲ್, ಇನ್ನೊಂದು ಕೊಟ್ಟದ್ದು 287. ಎಂಬತ್ತು ಪಟ್ಟಿಗೂ ಹೆಚ್ಚು ಅಂತರ. ಸಾಲದ್ದಕ್ಕೆ ನೆನೆದ ನಾಯಿಯ ಕತ್ತಿಗೂ ಒಣಗಿದ ನಾಯಿಯ ಕತ್ತಿಗೂ ವಿದ್ಯುತ್ ತಡೆಯುವ ಶಕ್ತಿಯಲ್ಲಿ ಅರವತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡಿತು. ಅಂದರೆ ‘ಮೂರನೇ ಮಟ್ಟ’ ಎನ್ನುವ ಮಾತಿಗೆ ಒಂದೇ ಅರ್ಥವಿಲ್ಲ. ಯಾವ ಪಟ್ಟಿ, ಎಂಥ ಕೂದಲು, ಅವತ್ತು ಮಳೆ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. ಪಟ್ಟಿಯನ್ನು ತನ್ನ ಅಂಗೈಗೆ ಒತ್ತಿಕೊಂಡು ‘ನನಗೇನೂ ಅನ್ನಿಸಲಿಲ್ಲ’ ಎನ್ನುವ ಮಾಲೀಕನ ಸಾಕ್ಷ್ಯವನ್ನೂ ಇಷ್ಟೇ ಅನುಮಾನದಿಂದ ಕೇಳಬೇಕು.

ಹಾಗಿದ್ದರೆ ನಾಯಿ ನಿಜಕ್ಕೂ ಏನು ಕಲಿಯುತ್ತದೆ? ಇದಕ್ಕೆ ಉತ್ತರ ಪೆಕ್‌ಗಿಂತ ಇಪ್ಪತ್ತು ವರ್ಷ ಮೊದಲೇ ಹಾರ್ವರ್ಡ್‌ನಲ್ಲಿ ಸಿಕ್ಕಿತ್ತು. ರಿಚರ್ಡ್ ಸಾಲಮನ್ ಮತ್ತು ಲೈಮನ್ ವಿನ್ 1953ರಲ್ಲಿ ವರದಿ ಮಾಡಿದ ಪ್ರಯೋಗ ಈಗ ಓದಿದರೆ ಕರುಳು ಚುರ್ ಎನ್ನುತ್ತದೆ. ನಡುವೆ ತಡೆಗೋಡೆಯಿರುವ ಎರಡು ಖಾನೆಯ ಪೆಟ್ಟಿಗೆ. ದೀಪದ ಸೂಚನೆ ಸಿಕ್ಕ ಹತ್ತು ಸೆಕೆಂಡಿನಲ್ಲಿ ನಾಯಿ ಆಚೆ ಖಾನೆಗೆ ಹಾರದಿದ್ದರೆ ನೆಲದಿಂದ ಬಲವಾದ ವಿದ್ಯುತ್ ಏಟು. ಕೆಲವೇ ಏಟಿಗೆ ನಾಯಿಗಳು ಕಲಿತುಬಿಟ್ಟವು. ಆಮೇಲೆ ಕರೆಂಟನ್ನೇ ತೆಗೆದುಹಾಕಿದರೂ ನೂರಾರು ಸಲ ಹಾರುತ್ತಲೇ ಇದ್ದವು. ಏಟು ಇಲ್ಲವೆಂದು ತಿಳಿಯಬೇಕಾದರೆ ಒಮ್ಮೆ ನಿಂತು ನೋಡಬೇಕು. ನಿಂತು ನೋಡುವ ನಾಯಿ ಇರಲಿಲ್ಲ. ಅಂಗಳದ ನಾಯಿಗೆ ಬೀಳುವ ಹೊಡೆತ ಅದಕ್ಕಿಂತ ಎಷ್ಟೋ ಸೌಮ್ಯ, ಆದರೆ ಕಲಿಕೆಯ ಸ್ವರೂಪ ಅದೇ. ಬ್ಯಾಟರಿ ಸತ್ತು ವಾರಗಳಾದರೂ ಗೆರೆ ದಾಟದ ನಾಯಿಗಳ ಗುಟ್ಟು ಇದು. ಬೇಲಿ ನೆಲದಲ್ಲಿಲ್ಲ, ನಾಯಿಯ ನೆನಪಿನಲ್ಲಿದೆ. ತಂತಿ, ಪೆಟ್ಟಿಗೆ, ಪಟ್ಟಿ ಎಲ್ಲವೂ ಆ ನೆನಪನ್ನು ಕಟ್ಟುವ ಪಾಠದ ಸಾಮಗ್ರಿ. ಪಾಠ ಮಾಡದೆ ಸಾಮಗ್ರಿ ಮಾತ್ರ ಕೊಂಡವರು ದುಡ್ಡು ಕೊಟ್ಟು ಕೊಂಡದ್ದು ಬೇಲಿಯನ್ನಲ್ಲ, ಕಾರಣವಿಲ್ಲದೆ ಹೊಡೆಯುವ ಒಂದು ಡಬ್ಬಿಯನ್ನು.

ಈ ಮಾತು ಬರೀ ತರ್ಕವಲ್ಲ. ಜರ್ಮನಿಯ ಹ್ಯಾನೋವರ್ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ 14 ಬೀಗಲ್ ನಾಯಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಬೇಟೆಯ ಗೊಂಬೆಯನ್ನು ಮುಟ್ಟಿದ ಕ್ಷಣದಲ್ಲಿ ಮಾತ್ರ ಏಟು. ಇನ್ನೊಂದಕ್ಕೆ ಕರೆದಾಗ ಬಾರದಿದ್ದರೆ. ಮೂರನೆಯದಕ್ಕೆ ಹೊತ್ತುಗೊತ್ತಿಲ್ಲದೆ. ಒತ್ತಡ ತೋರುವ ಕಾರ್ಟಿಸಾಲ್ ರಸವನ್ನು ಜೊಲ್ಲಿನಲ್ಲಿ ಅಳೆದರೆ, ಯಾಕೆ ಬಿತ್ತೆಂದು ಸ್ಪಷ್ಟವಾಗಿ ತಿಳಿದ ಗುಂಪಿನಲ್ಲಿ ಅದು ಹೆಚ್ಚು ಏರಿರಲಿಲ್ಲ. ಹೊತ್ತುಗೊತ್ತಿಲ್ಲದೆ ತಿಂದ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಸರಿಯಾಗಿ ಹಾಕಿದ ಅಂಗಳದ ಬೇಲಿ ಮೊದಲ ಬಗೆಗೆ ಹತ್ತಿರ: ಗೆರೆ ಕದಲುವುದಿಲ್ಲ, ಸದ್ದು ಮೊದಲು ಬರುತ್ತದೆ, ಕೋಪ ಬಂದಾಗ ಗುಂಡಿ ಒತ್ತುವ ಮನುಷ್ಯ ನಡುವೆ ಇಲ್ಲ. ಮಾಲೀಕನ ಕೈಯಲ್ಲಿ ರಿಮೋಟ್ ಇರುವ ಪಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ವಾದಿಸುವವರು ಇದನ್ನು ಮರೆಯುತ್ತಾರೆ.

ಆದರೆ ನಾಯಿಗೆ ಕಾರಣ ‘ಸ್ಪಷ್ಟ’ವಾಗಿದೆಯೇ ಎಂದು ತೀರ್ಮಾನಿಸುವವರು ನಾವಲ್ಲ, ನಾಯಿ. ಗೆರೆಯ ಬಳಿ ಏಟು ಬಿದ್ದ ಕ್ಷಣದಲ್ಲಿ ಅದರ ಕಣ್ಣು ಎಲ್ಲಿತ್ತು? ಬಾವುಟದ ಮೇಲಿದ್ದರೆ ಸರಿ. ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗನ ಮೇಲಿದ್ದರೆ? ನೋವು ಕೊಟ್ಟವನು ಆ ಹುಡುಗನೇ ಎಂದು ಅದು ಲೆಕ್ಕ ಹಾಕಬಹುದು. ಅಮೆರಿಕದ ಪ್ರಾಣಿ ವರ್ತನಾ ತಜ್ಞ ರಿಚರ್ಡ್ ಪಾಲ್ಸ್ಕಿ 2000ದಲ್ಲಿ ಇಂಥ ಐದು ಪ್ರಕರಣಗಳನ್ನು ಒಟ್ಟುಗೂಡಿಸಿ ಬರೆದ. ಎಲೆಕ್ಟ್ರಾನಿಕ್ ಬೇಲಿಯಿದ್ದ ಅಂಗಳದ ನಾಯಿಗಳು ಮನುಷ್ಯರ ಮೇಲೆ ಎರಗಿ ತೀವ್ರವಾಗಿ ಕಚ್ಚಿ, ಸಂಗತಿ ಕೋರ್ಟು ಮೆಟ್ಟಿಲೇರಿದ ಪ್ರಕರಣಗಳವು. ಐದರಿಂದ ಪ್ರಮಾಣ ಹೇಳಲಾಗದು. ಸಾಧ್ಯತೆಯನ್ನು ಮಾತ್ರ ತೋರಿಸಬಹುದು. ಅಮೆರಿಕದ ಅಂಚೆ ಇಲಾಖೆಯ ಲೆಕ್ಕದಲ್ಲಿ 2024ರಲ್ಲಿ ನಾಯಿದಾಳಿಗೆ ಸಿಕ್ಕ ನೌಕರರು 6,000ಕ್ಕೂ ಹೆಚ್ಚು. ಅದರಲ್ಲಿ ಈ ಬೇಲಿಯ ಪಾಲನ್ನು ಬೇರ್ಪಡಿಸಿ ಹೇಳುವಂತಿಲ್ಲ. ಆದರೆ ಗೇಟಿಲ್ಲದ ಅಂಗಳ ದಾಟಿ ಬಾಗಿಲಿಗೆ ಕಾಗದ ತರುವವನಿಗೆ ಎದುರು ಓಡಿಬರುವ ನಾಯಿ ಯಾವ ಗೆರೆಗೆ ನಿಲ್ಲುತ್ತದೆಂದು ತಿಳಿಯುವುದು ಹೇಗೆ? ನಾಯಿಗೆ ಗೊತ್ತಿರುವ ಗೆರೆ ಅಂಚೆಯವನಿಗೆ ಗೊತ್ತಿಲ್ಲ.

ಮೊದಲ ಪ್ರಶ್ನೆಗೆ, ಅಂದರೆ ನಾಯಿ ಒಳಗೆ ಉಳಿಯುತ್ತದೆಯೇ ಎಂಬುದಕ್ಕೆ, ಇರುವ ಒಳ್ಳೆಯ ಅಂಕಿಸಂಖ್ಯೆ ಓಹಾಯೊದ್ದು. 2017ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ, ಸಾವಿರದ ಸಮೀಪ ನಾಯಿಗಳ ಸಮೀಕ್ಷೆ ಅದು. ಕಣ್ಣಿಗೆ ಕಾಣುವ ಬೇಲಿಯೊಳಗಿದ್ದ ನಾಯಿಗಳಲ್ಲಿ ಒಮ್ಮೆಯಾದರೂ ತಪ್ಪಿಸಿಕೊಂಡವು ಶೇ. 23ರಷ್ಟು, ಎಲೆಕ್ಟ್ರಾನಿಕ್ ಬೇಲಿಯಲ್ಲಿ ಶೇ. 44. ಸರಿಸುಮಾರು ಇಮ್ಮಡಿ. ಕಚ್ಚುವ ವಿಷಯದಲ್ಲಿ ಮಾತ್ರ ಬೇಲಿಯ ಬಗೆಗೂ ಕಡಿತಕ್ಕೂ ಗಟ್ಟಿ ನಂಟು ಸಿಗಲಿಲ್ಲ. ಹಾಗಾಗಿ ಪಾಲ್ಸ್ಕಿಯ ಐದು ಪ್ರಕರಣಗಳನ್ನು ಹಿಡಿದು ಇದು ನಾಯಿಯನ್ನು ಕಚ್ಚುವ ಮೃಗ ಮಾಡುತ್ತದೆಂದು ಸಾರುವುದೂ ಅತಿ. ಇದು ಬೇಲಿಯಷ್ಟೇ ಭದ್ರ ಎನ್ನುವುದೂ ಸುಳ್ಳು.

ಓಡಿಹೋಗುವವು ಯಾವುವು? ಬೆನ್ನಟ್ಟಲೆಂದೇ ಹುಟ್ಟಿದ ತಳಿಗಳು. ನಮ್ಮ ಮುಧೋಳವನ್ನೇ ನೆನೆಸಿಕೊಳ್ಳಿ. ಕಣ್ಣಿನಿಂದ ಬೇಟೆಯಾಡುವ ನಾಯಿ, ಮೊಲ ಕಂಡರೆ ಉಳಿದ ಲೋಕವೆಲ್ಲ ಅಳಿಸಿಹೋಗುತ್ತದೆ. ಆರೇಳು ಅಡಿ ಅಗಲದ ಸಂಕೇತದ ಪಟ್ಟೆಯನ್ನು ಅಂಥ ನಾಯಿ ಒಂದೆರಡು ನೆಗೆತಕ್ಕೆ ದಾಟಿಬಿಡುತ್ತದೆ; ಸದ್ದು ಕಿವಿ ತಲುಪುವ ಹೊತ್ತಿಗೆ ಅದು ಆಚೆ ಇರುತ್ತದೆ. ಹಸ್ಕಿಯಂಥ ದಟ್ಟ ಉಣ್ಣೆಯ ನಾಯಿಗಳ ಕಥೆ ಬೇರೆ. ಪಟ್ಟಿಯ ಲೋಹದ ಮೊಳೆಗಳು ಚರ್ಮಕ್ಕೇ ತಾಗುವುದಿಲ್ಲ. ಗುಡುಗಿಗೆ, ಪಟಾಕಿಗೆ ಬೆದರಿದ ನಾಯಿಗೆ ಕತ್ತಿನ ಚುರುಕು ಲೆಕ್ಕಕ್ಕೇ ಇಲ್ಲ.

ನಿಜವಾದ ಇಕ್ಕಟ್ಟು ದಾಟಿದ ಮೇಲೆ. ಮೊಲ ತಪ್ಪಿಸಿಕೊಂಡಿತು, ಉಸಿರು ಇಳಿಯಿತು, ಮನೆ ನೆನಪಾಯಿತು. ನಾಯಿ ತಿರುಗಿ ಬರುತ್ತದೆ, ಗೆರೆಯ ಬಳಿ ಬಂದಾಗ ‘ಪೀಂ’. ಹೋಗುವಾಗ ಹುಮ್ಮಸ್ಸಿನಲ್ಲಿ ನುಂಗಿದ ಏಟನ್ನು ಬರುವಾಗ ತಣ್ಣಗೆ ತಿನ್ನಲು ಯಾವ ನಾಯಿಗೆ ಮನಸ್ಸಾದೀತು? ತನ್ನದೇ ಮನೆಯ ಹುಲ್ಲಿನಾಚೆ ಕೂತು ಕುಂಯ್‌ಗುಡುತ್ತದೆ, ಇಲ್ಲವೇ ರಸ್ತೆ ಹಿಡಿಯುತ್ತದೆ. ಹೊಸ ಮಾದರಿಗಳಲ್ಲಿ ಇದಕ್ಕೆ ಕೆಲವು ಮದ್ದು ಹುಡುಕಿದ್ದಾರೆ. ಹಳೆಯ ತಂತಿಯ ಬೇಲಿಗಳಲ್ಲಿ ಇದು ಹೊರಗೆ ಮಾತ್ರ ತೆರೆಯುವ ಬಾಗಿಲು.

ಅದೃಶ್ಯ ಗೆರೆ ಎಂದೊಡನೆ ಕನ್ನಡದ ನಾಲಿಗೆಗೆ ಬರುವುದು ಲಕ್ಷ್ಮಣರೇಖೆ. ಆದರೆ ಹೋಲಿಕೆ ಇಲ್ಲಿ ತಲೆಕೆಳಗು. ಲಕ್ಷ್ಮಣ ಎಳೆದ ಗೆರೆ ಹೊರಗಿನವನನ್ನು ತಡೆಯುವಂಥದ್ದು, ಒಳಗಿದ್ದವಳು ದಾಟಬಹುದಿತ್ತು. ಈ ಗೆರೆ ಒಳಗಿರುವುದನ್ನು ಮಾತ್ರ ತಡೆಯುತ್ತದೆ. ರಾವಣನಿಗೆ ಪಟ್ಟಿಯೇ ಇಲ್ಲವಲ್ಲ. ಅಮೆರಿಕದಲ್ಲಿ ರಾವಣನ ಪಾತ್ರ ತೋಳದ ಬಳಗದ ಕಯೋಟಿಯದು, ಬೀದಿಯ ಇನ್ನೊಂದು ದೊಡ್ಡ ನಾಯಿಯದು, ಕೆಲವೊಮ್ಮೆ ನಾಯಿಗಳ್ಳನದು. ಚಿಕ್ಕ ತಳಿಯ ನಾಯಿ ಕಯೋಟಿಯಿಂದ ಓಡಿ ಪಾರಾಗಬೇಕೆಂದರೆ ಗೆರೆಯ ಏಟು ಅದನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಆನ್‌ಲೈನಿನಲ್ಲಿ ಕಿಟ್ಟು ನೋಡಿ ಮಲೆನಾಡಿನ ಎಸ್ಟೇಟಿಗೆ ತರಿಸುವ ಆಲೋಚನೆಯುಳ್ಳವರು ಇಲ್ಲಿ ಕ್ಷಣ ನಿಲ್ಲಬೇಕು. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದು ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಯದೇ ಆಗಿತ್ತು. ಕಾಣದ ಬೇಲಿ ಚಿರತೆಗೆ ನಿಜಕ್ಕೂ ಕಾಣುವುದಿಲ್ಲ.

ಇನ್ನು ಪಟ್ಟಿಯನ್ನೇ ಹತ್ತಿರದಿಂದ ನೋಡಬೇಕು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಹೊರಚಾಚಿದ ಎರಡು ಮೊಂಡು ಲೋಹದ ಮೊಳೆ. ಎರಡೂ ಚರ್ಮಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಮಂಡಲ ಪೂರ್ತಿಯಾಗುತ್ತದೆ. ಸಡಿಲ ಕಟ್ಟಿದರೆ ಏಟು ತಾಗದು, ಬಿಗಿ ಕಟ್ಟಿದರೆ ಚರ್ಮ ಬಾಡುತ್ತದೆ. ಪಟ್ಟಿ ಮತ್ತು ಕತ್ತಿನ ನಡುವೆ ಒಂದು ಬೆರಳು ಹೋಗುವಷ್ಟು ಎನ್ನುವುದು ರೂಢಿಯ ಅಳತೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ತೊಡಿಸಬೇಡಿ, ಆಗಾಗ ಜಾಗ ಬದಲಿಸಿ, ಚರ್ಮ ಪರೀಕ್ಷಿಸಿ ಎಂದು ತಯಾರಕರೇ ಹೇಳುತ್ತಾರೆ. ಆದರೆ ಬೆಳಗ್ಗೆ ಕೆಲಸಕ್ಕೆ ಓಡುವ ಮನೆಯಲ್ಲಿ ಪಟ್ಟಿ ಹಗಲೂ ರಾತ್ರಿಯೂ ಕೊರಳಲ್ಲೇ. ಒಂದು ದಿನ ನಾಯಿ ಕತ್ತು ಮುಟ್ಟಗೊಡುವುದಿಲ್ಲ. ಕೂದಲು ಸರಿಸಿದರೆ ಅಕ್ಕಪಕ್ಕ ಎರಡು ಗುಂಡನೆಯ ಹುಣ್ಣು, ನಡುವಿನ ಅಂತರ ಮೊಳೆಗಳ ಅಂತರದಷ್ಟೇ. ಕರೆಂಟಿಗೆ ಸುಟ್ಟಿದೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಸುಟ್ಟ ಗಾಯವಲ್ಲ. ಹಾಸಿಗೆ ಹಿಡಿದ ರೋಗಿಯ ಬೆನ್ನಿಗೆ ಆಗುವಂಥ ಒತ್ತಡದ ಹುಣ್ಣು. ನೋವಿನಲ್ಲಿ ಅದರಿಂದ ನಾಯಿಗೆ ರಿಯಾಯಿತಿಯೇನೂ ಸಿಗದು.

ಕಾನೂನುಗಳು ಈ ವಿಷಯದಲ್ಲಿ ಒಂದೊಂದು ದಿಕ್ಕಿಗೆ ಹರಿದಿವೆ. ನೋವು ಕೊಡಬಲ್ಲ ವಿದ್ಯುತ್ ಸಾಧನವನ್ನು ನಾಯಿ ತರಬೇತಿಗೆ ಬಳಸುವಂತಿಲ್ಲ ಎಂದು ಜರ್ಮನಿಯ ಆಡಳಿತಾತ್ಮಕ ಸರ್ವೋಚ್ಚ ನ್ಯಾಯಾಲಯ 2006ರಲ್ಲೇ ತೀರ್ಪು ಕೊಟ್ಟಿತು. ವೇಲ್ಸ್ 2010ರಲ್ಲಿ ನಾಯಿಗೂ ಬೆಕ್ಕಿಗೂ ಎಲೆಕ್ಟ್ರಾನಿಕ್ ಪಟ್ಟಿಯನ್ನು ನಿಷೇಧಿಸಿತು, ಅಂಗಳದ ಬೇಲಿಯ ಪಟ್ಟಿಯೂ ಅದರಲ್ಲಿ ಸೇರಿತ್ತು. ಪೆಟ್‌ಸೇಫ್ ಮತ್ತು ತಯಾರಕರ ಸಂಘ ಕೋರ್ಟಿಗೆ ಹೋಗಿ ಸೋತವು. ಮರುವರ್ಷ ಒಬ್ಬ ಮಾಲೀಕನಿಗೆ 2,000 ಪೌಂಡ್ ದಂಡವೂ ಬಿತ್ತು. ಪಕ್ಕದ ಇಂಗ್ಲೆಂಡಿನ ನಡೆ ತಮಾಷೆಯದು. 2018ರಲ್ಲಿ ಸಚಿವ ಮೈಕಲ್ ಗೋವ್ ನಿಷೇಧ ಘೋಷಿಸಿದರು, ಆದರೆ ರಿಮೋಟ್ ಪಟ್ಟಿಗೆ ಮಾತ್ರ. ಅಂಗಳದ ಬೇಲಿ ಬೆಕ್ಕುಗಳನ್ನು ರಸ್ತೆಗೆ ಬೀಳದಂತೆ ಕಾಯುತ್ತದೆಂಬ ವಾದಕ್ಕೆ ಕಿವಿಗೊಟ್ಟು ಅದನ್ನು ಕೈಬಿಟ್ಟರು. 2024ರ ಫೆಬ್ರವರಿ 1ರಿಂದ ಜಾರಿ ಎಂದು ನಿಯಮಗಳ ಕರಡೂ ಸಂಸತ್ತಿಗೆ ಬಂತು. ಆ ದಿನ ಬಂದು ಹೋಯಿತು, ನಿಯಮ ಬರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ: ಎಲೆಕ್ಟ್ರಾನಿಕ್ ಬೇಲಿ ಹಾಕಬಹುದು, ಆದರೆ ಕನಿಷ್ಠ ಒಂದೂವರೆ ಮೀಟರ್ ಎತ್ತರದ ನಿಜವಾದ ಬೇಲಿಯ ಒಳಗೆ. ಕೊಡೆ ಹಿಡಿದವನಿಗೆ ಮಾತ್ರ ರೇನ್‌ಕೋಟ್ ಎಂದಂತೆ ಕೇಳಿಸಿದರೂ ಅದರಲ್ಲಿ ವಿವೇಕವಿದೆ. ಹೊರಗಿನಿಂದ ಬರುವವರನ್ನು ಲೆಕ್ಕಕ್ಕೆ ಹಿಡಿದ ಕಾನೂನು ಅದು.

ಗೋವ್ ನಂಬಿದ ಬೆಕ್ಕಿನ ವಾದಕ್ಕೆ ಹಿಂದೆ ಸ್ವಲ್ಪ ವಿಜ್ಞಾನವೂ ಇತ್ತು. ಲಿಂಕನ್ ವಿಶ್ವವಿದ್ಯಾಲಯದವರು 2016ರಲ್ಲಿ, ವರ್ಷಕ್ಕೂ ಹೆಚ್ಚು ಕಾಲ ಇಂಥ ಬೇಲಿಯೊಳಗಿದ್ದ 23 ಬೆಕ್ಕುಗಳನ್ನು ಬೇಲಿಯಿಲ್ಲದ 23ರ ಜೊತೆ ಹೋಲಿಸಿದರು. ದೀರ್ಘಕಾಲದ ಹಾನಿಯ ಗುರುತು ಕಾಣಲಿಲ್ಲ. ಅಪರಿಚಿತ ವಸ್ತು ಕಂಡಾಗ ಬೇಲಿಯ ಬೆಕ್ಕುಗಳೇ ಹೆಚ್ಚು ಧೈರ್ಯ ತೋರಿದವು. ಉದ್ಯಮ ಈ ಫಲಿತಾಂಶವನ್ನು ಎಲ್ಲೆಡೆ ಎತ್ತಿ ಹಿಡಿಯುತ್ತದೆ. ಆದರೆ ಬೇಲಿಗೆ ಹೊಂದದೆ ಮೊದಲ ತಿಂಗಳೇ ಬೆದರಿಹೋದ ಬೆಕ್ಕು, ವರ್ಷ ತುಂಬಿದವುಗಳ ಸಾಲಿನಲ್ಲಿ ಇರಲು ಸಾಧ್ಯವೇ ಇಲ್ಲ. ಪಾಸಾದವರನ್ನು ಮಾತ್ರ ಕೇಳಿ ಪರೀಕ್ಷೆ ಹೇಗಿತ್ತೆಂದು ಬರೆದ ಹಾಗೆ. ಬೆಕ್ಕಿನ ಮಾತು ನಾಯಿಗೂ ಸಲ್ಲುತ್ತದೆಂದು ಹೇಳಲೂ ಆಧಾರವಿಲ್ಲ.

ತಂತಿಯ ಕಾಲವೇ ಈಗ ಮುಗಿಯುತ್ತಿರುವಂತಿದೆ. ನ್ಯೂ ಹ್ಯಾಂಪ್‌ಶೈರ್‌ನ ಸ್ಪಾಟ್‌ಆನ್, ಟಿವಿಯ ನಾಯಿಗುರು ಸೀಸರ್ ಮಿಲನ್ ಕೈಜೋಡಿಸಿದ ಹೇಲೋ ಮುಂತಾದ ಪಟ್ಟಿಗಳು ಉಪಗ್ರಹದಿಂದ ಜಾಗ ತಿಳಿದುಕೊಳ್ಳುತ್ತವೆ. ಫೋನಿನ ನಕ್ಷೆಯ ಮೇಲೆ ಬೆರಳಾಡಿಸಿದರೆ ಬೇಲಿ ಸಿದ್ಧ. ನಾಯಿ ಓಡಿಹೋದರೂ ಎಲ್ಲಿದೆಯೆಂದು ತೋರಿಸುತ್ತದೆ, ಹಳೆಯ ತಂತಿಗೆ ಆ ಗುಣ ಇರಲಿಲ್ಲ. ದೋಷ ಅಳತೆಯದು. ಬಯಲಿನಲ್ಲಿ ಸಾಮಾನ್ಯ ಫೋನಿನ ಜಿಪಿಎಸ್ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಮರ, ಗೋಡೆ, ತಗಡಿನ ಚಾವಣಿ ಇದ್ದರೆ ಇನ್ನೂ ಹೆಚ್ಚು. ದುಬಾರಿ ಪಟ್ಟಿಗಳು ಇದನ್ನು ಬಹಳ ಸುಧಾರಿಸಿವೆ. ಆದರೂ 40 ಅಡಿ ಅಗಲದ ಅಂಗಳದಲ್ಲಿ ಗೆರೆ ಇವತ್ತು ಗುಲಾಬಿ ಗಿಡದ ಬಳಿ, ನಾಳೆ ಎರಡು ಹೆಜ್ಜೆ ಈಚೆ ಬಂದರೆ ನಾಯಿಯ ಪಾಲಿಗೆ ಅದು ಹ್ಯಾನೋವರಿನ ಮೂರನೇ ಗುಂಪಿನ ಬಾಳು. ಎಕರೆಗಟ್ಟಲೆ ಜಾಗ ಇದ್ದವರಿಗೆ ಇದು ಹೊಂದೀತು. ಅದಕ್ಕೇ ಇರಬೇಕು, ಈ ತಂತ್ರ ಹುಲ್ಲುಗಾವಲಿನಲ್ಲಿ ಹೆಚ್ಚು ಚೆನ್ನಾಗಿ ಬೇರೂರುತ್ತಿದೆ. ನಾರ್ವೆಯ ನೋಫೆನ್ಸ್ ಕಂಪನಿ ಮೊದಲು ಮೇಕೆಗಳಿಗೆ, ಆಮೇಲೆ ದನ-ಕುರಿಗಳಿಗೆ ಇಂಥ ಸೌರಪಟ್ಟಿ ಕಟ್ಟಿತು. ಗೆರೆ ಹತ್ತಿರವಾದಂತೆ ಸ್ವರ ಏರುತ್ತಾ ಹೋಗುತ್ತದೆ, ಪಾಠವಾದ ಮೇಲೆ ಬಹುಪಾಲು ಮೇಕೆಗಳು ಸ್ವರಕ್ಕೇ ತಿರುಗುತ್ತವೆ.

ಕರ್ನಾಟಕದ ನಾಯಿಗೆ ಇದರ ಅಗತ್ಯ ಕಡಿಮೆ. ಪಟ್ಟಣದಲ್ಲಿ ಕಾಂಪೌಂಡಿದೆ, ಹಳ್ಳಿಯಲ್ಲಿ ನಾಯಿ ಇಡೀ ಊರಿನದು. ನಮ್ಮಲ್ಲಿ ಇದಕ್ಕೆ ಎದುರಾಗಿ ನಿಲ್ಲುವ ವಸ್ತು ಬೇಲಿಯಲ್ಲ, ಸರಪಳಿ. ಹಗಲೆಲ್ಲ ಶೆಡ್ಡಿನ ಕಂಬಕ್ಕೆ ಕಟ್ಟು, ರಾತ್ರಿ ಬಿಟ್ಟುಬಿಡು ಎನ್ನುವುದು ತೋಟದ ಮನೆಗಳ ಪದ್ಧತಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ವಿದ್ಯುತ್ ಪಟ್ಟಿಯ ಹೆಸರೆತ್ತಿಲ್ಲ. ಆದರೆ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕುವ ನಾಯಿಗೆ ಓಡಾಟ ಕೊಡದಿರುವುದನ್ನೂ ಹಿಂಸೆಯೆಂದೇ ಕರೆದಿದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆರು ಅಡಿ ಸರಪಳಿಯ ಬಾಳನ್ನೂ ಬಿಳಿ ಬಾವುಟದ ಪಾಠ ಕಲಿತು ಅರ್ಧ ಎಕರೆ ಹುಲ್ಲಿನ ಮೇಲೆ ಓಡಾಡುವ ಬಾಳನ್ನೂ ಎದುರೆದುರು ಇಟ್ಟರೆ, ಎರಡನೆಯದೇ ಎಷ್ಟೋ ಮೇಲು. ಆಳೆತ್ತರದ ಬೇಲಿಯೊಳಗಿನ ಅಂಗಳದ ಪಕ್ಕ ಇಟ್ಟರೆ ಅದೇ ಬಾಳು ಬಡವಾಗಿ ಕಾಣುತ್ತದೆ. ಮನೆಯವರು ಜೊತೆಗಿದ್ದು ಕಣ್ಣಿಟ್ಟಿರುವಾಗ ಸಲ್ಲುವ ಸಾಧನವಿದು. ಬೆಳಗ್ಗೆ ಎಂಟಕ್ಕೆ ನಾಯಿಯನ್ನು ಹೊರಗೆ ಬಿಟ್ಟು ಕಾರು ಹತ್ತುವವರಿಗೆ ಅಲ್ಲ. ದುರದೃಷ್ಟಕ್ಕೆ ಜಾಹೀರಾತುಗಳಲ್ಲಿ ಕಾಣುವ ಅಂಗಳದಲ್ಲಿ ನಾಯಿ ಸಾಮಾನ್ಯವಾಗಿ ಒಂಟಿ.

ತಂತಿಗೆ ಇನ್ನೊಂದು ಬಾಳೂ ಇದೆ. ಮನೆ ಮಾರಿದವರು ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿಕೊಂಡು ಹೋಗುತ್ತಾರೆ, ತಂತಿ ನೆಲದಲ್ಲೇ ಉಳಿಯುತ್ತದೆ. ಹೊಸಬರು ವಸಂತದಲ್ಲಿ ಟೊಮೆಟೊ ಸಸಿ ನೆಡಲು ಗುದ್ದಲಿ ಹಾಕಿದಾಗ ಮೂರು ಇಂಚಿನ ಆಳದಲ್ಲಿ ಬಣ್ಣದ ಹೊದಿಕೆಯ ಎಳೆಯೊಂದು ಸಿಕ್ಕಿ, ಟೆಲಿಫೋನಿನದೋ ಕರೆಂಟಿನದೋ ಎಂದು ಬೆಚ್ಚುತ್ತಾರೆ. ಅತ್ತ ಹೊಸ ಊರಿಗೆ ಹೋದ ನಾಯಿಗೆ ಹಳೆಯ ಅಂಗಳದ ಗೆರೆಯ ಇಂಚಿಂಚೂ ನೆನಪಿದೆ, ಇಲ್ಲಿನದು ಒಂದೂ ಗೊತ್ತಿಲ್ಲ. ಮೊದಲ ವಾರಾಂತ್ಯದಲ್ಲೇ ಮನೆಯೊಡೆಯ ಬಿಳಿ ಬಾವುಟಗಳ ಕಟ್ಟು ಬಿಚ್ಚಿ, ಜೇಬಿಗೆ ತಿಂಡಿ ತುಂಬಿಕೊಂಡು, ಉದ್ದ ಹಗ್ಗ ಹುಡುಕುತ್ತಾನೆ.